ಗೋದಲಿಗೂ ಮೊದಲು ತೀರಬೇಕಾದ ಲೆಕ್ಕ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳನ್ನು ಕ್ರೈಸ್ತ ಸಭೆ ಆಗಮನ ಕಾಲವೆಂದು ಆಚರಿಸುತ್ತದೆ. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ ಅದು ಶುರುವಾಗುತ್ತದೆ. ಕಥೋಲಿಕ ದೇವಾಲಯಗಳಲ್ಲಿ ಗುರುಗಳು ನೇರಳೆ ಪೂಜಾವಸ್ತ್ರ ತೊಡುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಎಂದಿನ ಮಹಿಮಾಗೀತೆ ಇರುವುದಿಲ್ಲ, ಕ್ರಿಸ್ಮಸ್ ರಾತ್ರಿ ಅದು ಮತ್ತೆ ಕೇಳುತ್ತದೆ. ಈ ವಾರಗಳ ಪ್ರಬೋಧನೆಗಳಲ್ಲಿ ತಪ್ಪದೆ ಬರುವ ಕರೆ, ಹೃದಯವನ್ನು ಸಿದ್ಧಮಾಡಿಕೊಳ್ಳಿ ಎಂಬುದು. ಹೇಗೆ ಎಂದು ಕೇಳಿದರೆ ಮೌನ, ಧ್ಯಾನ, ಇನ್ನಷ್ಟು ಪ್ರಾರ್ಥನೆ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಈ ಕಾಲಕ್ಕೆಂದು ಸಭೆಯೇ ಆರಿಸಿಟ್ಟ ಶುಭಸಂದೇಶದ ಭಾಗಗಳನ್ನು ಸಾಲಾಗಿ ಓದಿದವರಿಗೆ, ಹೃದಯದ ಸಿದ್ಧತೆ ಎಂದರೆ ಮೊದಲು ಜೊತೆಗಿರುವ ಜನರೊಂದಿಗಿನ ವ್ಯವಹಾರ ಸರಿಪಡಿಸಿಕೊಳ್ಳುವುದು ಎಂಬುದು ಮನದಟ್ಟಾಗುತ್ತದೆ.

ಮೊದಲ ಭಾನುವಾರದ ವಾಚನದಲ್ಲಿ ಬೆತ್ಲೆಹೇಮಿನ ಸುದ್ದಿಯೇ ಇಲ್ಲ. ಅಲ್ಲಿರುವುದು ಕ್ರಿಸ್ತನ ಪುನರಾಗಮನ, ಎಚ್ಚರವಾಗಿರಿ ಎಂಬ ತಾಕೀತು. ಎರಡನೆಯ ಮತ್ತು ಮೂರನೆಯ ಭಾನುವಾರ ಎದುರು ನಿಲ್ಲುವವನು ಒಂಟೆಯ ತುಪ್ಪಟದ ಉಡುಪಿನ ಸ್ನಾನಿಕ ಯೊವಾನ್ನ. 1969ರಲ್ಲಿ ಪ್ರಕಟವಾದ ಮೂರು ವರ್ಷಗಳ ವಾಚನ ಸರಣಿಯಲ್ಲಿ, ಮೂರನೆಯ ವರ್ಷ ಲೂಕನ ಮೂರನೆಯ ಅಧ್ಯಾಯ ಬರುತ್ತದೆ. ಇಡೀ ಆಗಮನ ಕಾಲದ ತಿರುಳು ಅಲ್ಲಿದೆ ಎಂದು ನನಗನಿಸುತ್ತದೆ. ಜೋರ್ಡಾನ್ ನದಿಯ ಬಳಿ ಯೊವಾನ್ನನ ಮಾತಿಗೆ ಬೆದರಿದ ಜನ, ಹಾಗಾದರೆ ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಇಷ್ಟು ದಿನ ಉಪವಾಸ ಮಾಡಿ, ಇಷ್ಟು ಜಪ ಮಾಡಿ ಎಂದು ಆತ ಹೇಳುವುದಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಊಟ ಇದ್ದವನೂ ಹಾಗೆಯೇ ಮಾಡಲಿ ಎನ್ನುತ್ತಾನೆ. ಸುಂಕದವರು ಬಂದಾಗ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂಬ ಉತ್ತರ. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹಾಕಬೇಡಿ, ಸಂಬಳದಲ್ಲಿ ತೃಪ್ತರಾಗಿ ಎಂದು. ಗಮನಿಸಿ, ಕೆಲಸ ಬಿಟ್ಟು ಮರಳುಗಾಡಿಗೆ ಬಾ ಎಂದು ಆತ ಯಾರನ್ನೂ ಕರೆಯಲಿಲ್ಲ. ಪ್ರತಿಯೊಬ್ಬನಿಗೂ ಅವನವನ ಕಸುಬಿನಲ್ಲೇ, ಕೈಗೆ ಅಂಟಿದ ಕೊಳೆ ಎಲ್ಲಿದೆಯೋ ಅಲ್ಲಿಯೇ, ಪ್ರಭುವಿನ ದಾರಿ ಸಿದ್ಧಮಾಡುವ ಕೆಲಸ ಹಚ್ಚಿದ.

ನಾಲ್ಕನೆಯ ಭಾನುವಾರವೂ ಇದೇ ಜಾಡಿನಲ್ಲಿದೆ. ದೇವದೂತನ ವಾರ್ತೆ ಕೇಳಿದ ಮರಿಯಮ್ಮ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂರಲಿಲ್ಲ. ಮುಪ್ಪಿನಲ್ಲಿ ಗರ್ಭಿಣಿಯಾಗಿದ್ದ ಬಂಧು ಎಲಿಜಬೇತಳನ್ನು ಕಾಣಲು ಬೆಟ್ಟದ ಸೀಮೆಗೆ ಅವಸರದಿಂದ ಹೊರಟಳು, ಸುಮಾರು ಮೂರು ತಿಂಗಳು ಅವಳ ಜೊತೆಗಿದ್ದಳು. ಜೋಸೆಫನಾದರೋ, ದೇವದೂತ ಕನಸಿನಲ್ಲಿ ಬರುವುದಕ್ಕೂ ಮುಂಚೆಯೇ, ಮರಿಯಳ ಮಾನ ಬೀದಿಪಾಲಾಗಬಾರದೆಂದು ತೀರ್ಮಾನಿಸಿದ್ದ. ಯೇಸುವಿನ ಹುಟ್ಟಿಗೆ ಅತ್ಯಂತ ಹತ್ತಿರವಿದ್ದ ಇಬ್ಬರ ಸಿದ್ಧತೆ ಇದು. ಚರಿತ್ರೆಯಲ್ಲೂ ಇದರ ನೆನಪು ಉಳಿದಿದೆ. 1839ರಲ್ಲಿ ಹ್ಯಾಂಬರ್ಗ್‌ನ ಪಾದ್ರಿ ಯೋಹಾನ್ ಹಿನ್ರಿಚ್ ವಿಚೆರ್ನ್ ತಾನು ನಡೆಸುತ್ತಿದ್ದ ಬಡಮಕ್ಕಳ ಆಶ್ರಯದಲ್ಲಿ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರವೊಂದಕ್ಕೆ ಮೇಣದಬತ್ತಿ ಸಿಕ್ಕಿಸಿದರು ಎನ್ನುತ್ತಾರೆ. ಭಾನುವಾರಗಳಿಗೆ ನಾಲ್ಕು ದೊಡ್ಡವು, ಉಳಿದ ದಿನಗಳಿಗೆ ಚಿಕ್ಕವು. ಇಂದು ಲೋಕದ ನಾನಾ ದೇವಾಲಯಗಳಲ್ಲಿ ಉರಿಯುವ ಆಗಮನ ಕಾಲದ ದೀಪಮಾಲೆಯ ಮೂಲ ದಿಕ್ಕಿಲ್ಲದ ಮಕ್ಕಳ ಆ ಮನೆ.

ಜನರೊಂದಿಗಿನ ವ್ಯವಹಾರ ಸರಿಪಡಿಸಿಕೊಳ್ಳುವುದೇ ಸಿದ್ಧತೆ ಎಂಬ ಈ ಮಾತಿಗೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ದೇವರ ಕೃಪೆ ಉಚಿತ, ನಮ್ಮ ಸತ್ಕಾರ್ಯದ ಕೂಲಿಯಾಗಿ ಕ್ರಿಸ್ತ ಬರುವುದಿಲ್ಲ ಎಂಬುದು ಮೊದಲನೆಯದು. ನಿಜ. ಬೆತ್ಲೆಹೇಮಿನಲ್ಲಿ ಯಾರೂ ಸಿದ್ಧರಿರಲಿಲ್ಲ, ಛತ್ರದಲ್ಲಿ ಜಾಗವಿರಲಿಲ್ಲ, ಆದರೂ ಆತ ಹುಟ್ಟಿದ. ನಮ್ಮ ಸಿದ್ಧತೆ ಆತನ ಬರವನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಆದರೆ ಬಂದವನಿಗೆ ನಮ್ಮಲ್ಲಿ ಜಾಗ ಸಿಕ್ಕಿತೇ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದು, ಮನಸ್ಸು ತಿದ್ದಿಕೊಳ್ಳಲು ಕ್ಯಾಲೆಂಡರ್ ಯಾಕೆ, ವರ್ಷವಿಡೀ ಮಾಡಬಹುದಲ್ಲ ಎಂಬ ಮಾತು. ದಿನ, ಹಬ್ಬಗಳನ್ನು ಪಾಲಿಸದ ಕ್ರೈಸ್ತ ಪಂಗಡಗಳೂ ಇವೆ. ವರ್ಷವಿಡೀ ಮಾಡಬಹುದು, ಖಂಡಿತ. ಯಾವಾಗ ಬೇಕಾದರೂ ಮಾಡಬಹುದಾದ್ದನ್ನು ನಾವು ಮುಂದೂಡುತ್ತಲೇ ಹೋಗುತ್ತೇವೆ ಎಂಬುದೂ ಅಷ್ಟೇ ಸತ್ಯ. ಐದನೆಯ ಶತಮಾನದಲ್ಲಿ ತೂರ್ ನಗರದ ಬಿಷಪ್ ಪೆರ್ಪೆತುವುಸ್, ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವೆಂದು ಗೊತ್ತುಮಾಡಿದ್ದು ಈ ಮುಂದೂಡಿಕೆಗೆ ಒಂದು ಗಡುವು ಹಾಕಿದಂತೆಯೇ.

ಹಬ್ಬದ ತಿಂಡಿತೀರ್ಥದ ಗದ್ದಲದಲ್ಲಿ ಆತ್ಮಚಿಂತನೆ ಕಳೆದುಹೋಗುತ್ತದೆ ಎಂಬ ಕೊರಗನ್ನು ಮಾತ್ರ ನಾನು ಒಪ್ಪಲಾರೆ. ಮಂಗಳೂರಿನ ಕಥೋಲಿಕರ ಅಡುಗೆಮನೆಗಳಲ್ಲಿ ಈ ವಾರಗಳಲ್ಲೇ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳು ತಯಾರಾಗುತ್ತವೆ. ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಇಲ್ಲವೇ ಫೋರ್ಕಿನ ಬೆನ್ನಿಗೆ ಒತ್ತಿ, ಗೆರೆ ಮೂಡಿಸಿ, ಸುರುಳಿ ಸುತ್ತಿ, ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವ ಕುಲ್‌ಕುಲ್‌ಗೆ ಮನೆಮಂದಿಯೆಲ್ಲ ಕೂರಬೇಕು. ಕುಸ್ವಾರ್ ತುಂಬಿದ ತಟ್ಟೆ ಹಿಂದೂ, ಮುಸ್ಲಿಂ ನೆರೆಮನೆಗಳಿಗೂ ಹೋಗುತ್ತದೆ. ಯೊವಾನ್ನ ಹೇಳಿದ ಎರಡನೆಯ ಅಂಗಿ ಇದೇ. ಬೇಲಿಯ ಜಗಳಕ್ಕೆ ಮಾತು ಬಿಟ್ಟ ಮನೆಗೂ ಅದು ಹೋಗಬೇಕು, ಅಷ್ಟೇ.

ಹೀಗೆ ಹೇಳಿದರೆ ಭಕ್ತಿಯನ್ನು ಬರೀ ಸಮಾಜಸೇವೆಗೆ ಇಳಿಸಿದಂತಾಗುವುದಿಲ್ಲವೇ? ಇಲ್ಲ. ಸೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗು ಎಂದ ಯೇಸು, ಆಮೇಲೆ ಬಂದು ಕಾಣಿಕೆ ಅರ್ಪಿಸು ಎಂದೂ ಹೇಳಿದ್ದಾನೆ. ಪ್ರಾರ್ಥನೆ, ರಾಜಿ ಎರಡೂ ಉಳಿದವು; ಯಾವುದು ಮೊದಲು ಎಂಬುದೂ ಸ್ಪಷ್ಟವಾಯಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ, ಪಾಪನಿವೇದನೆಯಿಂದ ಕ್ಷಮೆ ಸಿಕ್ಕರೂ ಮಾಡಿದ ಹಾನಿಯನ್ನು ಕೈಲಾದಷ್ಟು ತುಂಬಿಕೊಡಬೇಕು ಎನ್ನುತ್ತದೆ: ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು. ಡಿಸೆಂಬರ್‌ನಲ್ಲಿ ಪಾಪನಿವೇದನೆಗೆ ಸಾಲಿನಲ್ಲಿ ನಿಂತವರ ಪೈಕಿ ಕೂಲಿಯಾಳಿನ ಬಾಕಿ ಉಳಿಸಿಕೊಂಡವನಿದ್ದರೆ, ಅವನ ಕ್ರಿಸ್ಮಸ್ ಸಿದ್ಧತೆ ಮುಗಿಯುವುದು ಆ ಕೂಲಿಯಾಳಿನ ಮನೆಬಾಗಿಲಲ್ಲಿ. ಆ ಮನುಷ್ಯ ಈಗ ಎಲ್ಲಿದ್ದಾನೋ ಪತ್ತೆಯಿಲ್ಲ ಎನ್ನುವವರಿಗೂ ಸಭೆಯ ಪರಂಪರೆಯಲ್ಲಿ ಉತ್ತರವಿದೆ. ಅಷ್ಟು ಹಣ ಬಡವರಿಗೆ ಸಲ್ಲಬೇಕು.