ಅಳಿಸಿಹೋದ ಲೆಕ್ಕಪತ್ರ: ಮೊದಲು ಮಾಡಬೇಕಾದುದೇನು?

ವರ್ಷಾಂತ್ಯದ ಗಡಿಬಿಡಿಯಲ್ಲಿ ಬೇಡವಾದ ಕಡತಗಳೊಡನೆ ಬೇಕಾದ ಕಡತವೂ ಕೈತಪ್ಪಿ ಅಳಿಸಿಹೋಗುವುದು ವರ್ತಕರ ಕಚೇರಿಗಳಲ್ಲಿ ಅಪರೂಪವೇನಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 36ನೆಯ ಪ್ರಕರಣದಂತೆ, ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಆದುದರಿಂದ ಇದನ್ನು ಕೇವಲ ಗುಮಾಸ್ತರ ಅಚಾತುರ್ಯವೆಂದು ಬಿಡುವಂತಿಲ್ಲ.

ಮೊದಲಿಗೆ ರೀಸೈಕಲ್ ಬಿನ್ ನೋಡಬೇಕು. ಆದರೆ ಶಿಫ್ಟ್ ಮತ್ತು ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಅಳಿಸಿದ ಕಡತ ಅಲ್ಲಿಗೆ ಹೋಗುವುದಿಲ್ಲ. ಪೆನ್ ಡ್ರೈವ್‌ನಿಂದ ಅಳಿಸಿದ್ದೂ ಸಾಮಾನ್ಯವಾಗಿ ಅಲ್ಲಿ ಸಿಗದು. ಹಾಗೆಂದು ನಿರಾಶರಾಗಬೇಕಿಲ್ಲ. ಖಾತೆ ಪುಸ್ತಕದ ಪರಿವಿಡಿಯಲ್ಲಿ ಒಂದು ಹೆಸರನ್ನು ಹೊಡೆದುಹಾಕಿದರೂ ಒಳಪುಟದ ಬರಹ ಉಳಿದಿರುತ್ತದೆಯಲ್ಲವೇ? ಹಾರ್ಡ್ ಡಿಸ್ಕ್‌ನಲ್ಲಿ ನಡೆಯುವುದೂ ಇದೇ. ಗಣಕಯಂತ್ರವು ಆ ಜಾಗ ಖಾಲಿಯೆಂದು ಗುರುತು ಹಾಕಿಕೊಳ್ಳುತ್ತದೆಯಷ್ಟೆ; ಹೊಸ ಮಾಹಿತಿ ಬಂದು ಕೂರುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ.

ಆದುದರಿಂದ ಮೊದಲ ನಿಯಮವೆಂದರೆ, ಆ ಡಿಸ್ಕ್‌ನ ಬಳಕೆಯನ್ನು ಕೂಡಲೇ ನಿಲ್ಲಿಸುವುದು. ಮರುಪ್ರಾಪ್ತಿಯ ತಂತ್ರಾಂಶವನ್ನು ಅದೇ ಡಿಸ್ಕ್‌ಗೆ ಇಳಿಸಿಕೊಳ್ಳುವುದು ಅನೇಕರು ಮಾಡುವ ತಪ್ಪು. ಆ ತಂತ್ರಾಂಶವೇ ಕಳೆದ ಕಡತದ ಜಾಗವನ್ನು ಆಕ್ರಮಿಸಬಹುದು. ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಸಿಕ್ಕ ಕಡತಗಳನ್ನು ಮತ್ತೊಂದು ಡಿಸ್ಕ್‌ನಲ್ಲಿಯೇ ಉಳಿಸಬೇಕು.

ಈ ಕಾರ್ಯಕ್ಕೆ ರೆಕುವಾ, ಫೋಟೋರೆಕ್ ಮುಂತಾದ ಉಚಿತ ತಂತ್ರಾಂಶಗಳಿವೆ. ಮೈಕ್ರೋಸಾಫ್ಟ್ ಸಂಸ್ಥೆಯೂ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬ ಸಾಧನವನ್ನು ಹೊರತಂದಿತು. ಇದನ್ನು ಆದೇಶಗಳನ್ನು ಟೈಪಿಸಿ ನಡೆಸಬೇಕು. ಫೋಟೋರೆಕ್ ಹೆಸರಿನಲ್ಲಿ ಫೋಟೋ ಇದ್ದರೂ ಅದು ದಾಖಲೆ ಕಡತಗಳನ್ನೂ ಹುಡುಕುತ್ತದೆ. ಕಡತದ ಒಳರಚನೆಯನ್ನು ಗುರುತಿಸಿ ಹುಡುಕುವುದರಿಂದ ಮೂಲ ಹೆಸರುಗಳು ಸಾಮಾನ್ಯವಾಗಿ ಮರಳುವುದಿಲ್ಲ. ವಿಂಗಡಣೆಗೆ ತಾಳ್ಮೆ ಬೇಕು. ಕಡತ ಪಟ್ಟಿಯಲ್ಲಿ ಕಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತೆರೆದು ನೋಡಿ, ಶಿಲ್ಕು ಬ್ಯಾಂಕಿನ ವಿವರದೊಡನೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಬೇಕು.

ಎರಡು ಎಚ್ಚರಿಕೆಗಳು ಅಗತ್ಯ. ಹೊಸ ಗಣಕಯಂತ್ರಗಳಲ್ಲಿರುವ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆಯಿದ್ದು, ಅಳಿಸಿದ ಮಾಹಿತಿಯನ್ನು ಅದು ಬೇಗನೆ ನಿಜವಾಗಿಯೇ ತೆರವು ಮಾಡಿಸುತ್ತದೆ. ಅಲ್ಲಿ ಈ ತಂತ್ರಾಂಶಗಳು ಬಹುಮಟ್ಟಿಗೆ ನಿಷ್ಫಲ. ಇನ್ನು ಹಾರ್ಡ್ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಅದು ಯಂತ್ರದೋಷ. ತಂತ್ರಾಂಶ ನಡೆಸದೆ ತಜ್ಞರಿಗೊಪ್ಪಿಸುವುದೇ ಲೇಸು.

ಮರುಪ್ರಾಪ್ತಿ ಕೊನೆಯ ಉಪಾಯವೇ ಹೊರತು ವ್ಯವಸ್ಥೆಯಲ್ಲ. ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ಲೆಕ್ಕದ ಪ್ರತಿಯೊಂದನ್ನು ಬೇರೆ ಡಿಸ್ಕ್‌ಗೆ ತೆಗೆದು, ಮತ್ತೊಂದನ್ನು ಕಚೇರಿಯ ಹೊರಗಿಡಬೇಕು. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ನೋಡುವುದೂ ಅಷ್ಟೇ ಮುಖ್ಯ. ಗಲ್ಲಾಪೆಟ್ಟಿಗೆಗೆ ಬೀಗ ಹಾಕದೆ ಮನೆಗೆ ಹೋಗದ ವರ್ತಕರು ಲೆಕ್ಕಪತ್ರಗಳಿಗೂ ಅದೇ ಶಿಸ್ತನ್ನು ಪಾಲಿಸುವುದು ಒಳಿತು.