ದನಗಳ ನಡತೆಯೂ ರೋಗದ ಸೂಚನೆಯೂ

ಮೂಕಪ್ರಾಣಿಯು ತನ್ನ ಬಾಧೆಯನ್ನು ಮಾತಿನಿಂದ ತಿಳಿಸಲಾರದು, ನಡತೆಯಿಂದ ತಿಳಿಸುವುದು. ಆದುದರಿಂದ ಪಶುವೈದ್ಯರು ಔಷಧವನ್ನು ಯೋಚಿಸುವುದಕ್ಕೆ ಮೊದಲು ದನವು ನಿಲ್ಲುವ, ಮೇಯುವ, ಮಲಗುವ ರೀತಿಯನ್ನು ವಿಚಾರಿಸುವರು. ಆರೋಗ್ಯವುಳ್ಳ ಹಸುವು ದಿನಕ್ಕೆ ಸುಮಾರು 6 ರಿಂದ 8 ಗಂಟೆಗಳ ಕಾಲ ಮೆಲುಕು ಹಾಕುವುದು. ಮೆಲುಕು ನಿಂತರೆ, ಅಥವಾ ದನವು ಮಂದೆಯನ್ನಗಲಿ ಒಂಟಿಯಾಗಿ ನಿಂತರೆ, ರೋಗವನ್ನು ಶಂಕಿಸಬೇಕು. ಹೊಸದಾಗಿ ಈದ ಹಸುವು ಏಳಲಾರದೆ ಕತ್ತನ್ನು ಪಕ್ಕೆಯ ಕಡೆಗೆ ತಿರುಗಿಸಿ ಮಲಗಿದರೆ, ರಕ್ತದಲ್ಲಿ ಸುಣ್ಣದ ಅಂಶವು ಕಡಿಮೆಯಾಗಿರುವ ಸಂಭವವುಂಟು. ಒಡನೆಯೇ ಚಿಕಿತ್ಸೆ ದೊರೆತರೆ ಬಹುಮಟ್ಟಿಗೆ ಬದುಕುವುದು.

ಆದರೆ ನಡತೆಯನ್ನು ತಪ್ಪಾಗಿ ತಿಳಿದರೆ ದನಕ್ಕಲ್ಲದೆ ಯಜಮಾನನಿಗೂ ಅಪಾಯವುಂಟು. ಕೆಲವು ವರ್ಷಗಳ ಹಿಂದೆ ನಾನು ಸಂಚಾರದಲ್ಲಿದ್ದಾಗ, ಒಂದು ಗ್ರಾಮದಲ್ಲಿ ಸಾಧುವಾದ ಹಸುವೊಂದು ಮೇವನ್ನು ಬಿಟ್ಟು, ಜೊಲ್ಲು ಸುರಿಸುತ್ತ, ಒಡಕು ಧ್ವನಿಯಲ್ಲಿ ಎಡೆಬಿಡದೆ ಕೂಗುತ್ತಿದ್ದಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಭಾವಿಸಿ ಯಜಮಾನರು ಅದರ ಬಾಯೊಳಗೆ ಕೈಯಿಟ್ಟು ಹುಡುಕಿದರು; ಏನೂ ಸಿಕ್ಕಲಿಲ್ಲ. ಪಶುವೈದ್ಯರು ಬಂದು ವಿಚಾರಿಸಲಾಗಿ, ತಿಂಗಳ ಹಿಂದೆ ಅದನ್ನು ನಾಯಿಯೊಂದು ಕಚ್ಚಿದ್ದ ಸಂಗತಿಯು ಹೊರಬಿದ್ದಿತು. ಯಜಮಾನರು ಆ ದಿನವೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಹಾಕಿಸಿಕೊಂಡು ಉಳಿದರು; ಹಸುವು ಮೂರನೆಯ ದಿನ ಸತ್ತಿತು.

ಇದು ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ರೋಗ. ರೋಗಾಣುವು ನರಗಳ ಮೂಲಕ ಮೆದುಳನ್ನು ಸೇರಿ, ಗಂಟಲಿನ ಸ್ನಾಯುಗಳ ಶಕ್ತಿಯನ್ನು ಕುಂದಿಸುವುದು. ದನವು ನುಂಗಲಾರದೆ ಜೊಲ್ಲು ಸುರಿಸುವುದು ಇದರಿಂದಲೇ. ಆ ಜೊಲ್ಲಿನಲ್ಲಿರುವ ರೋಗಾಣುವು ಕೈಯ ಸಣ್ಣ ಗೀರಿನ ಮೂಲಕವೂ ಮನುಷ್ಯನನ್ನು ಹೊಗಬಲ್ಲದು. ಲಕ್ಷಣಗಳು ತೋರಿದ ಮೇಲೆ ಉಳಿಯುವ ಆಸೆಯು ಇಲ್ಲವೆಂದೇ ಹೇಳಬೇಕು. ಲೂಯಿ ಪಾಶ್ಚರ್ ಎಂಬ ಫ್ರೆಂಚ್ ವಿಜ್ಞಾನಿಯು 1885 ರಲ್ಲಿ ಮನುಷ್ಯರ ಮೇಲೆ ಪ್ರಯೋಗಿಸಿ ತೋರಿಸಿದಂತೆ, ಲಸಿಕೆಯು ಲಕ್ಷಣಗಳಿಗೆ ಮುಂಚೆ ಮಾತ್ರ ಫಲಕಾರಿ. ಹೊಟ್ಟೆಗೆ ಚುಚ್ಚುವ ಹಳೆಯ ಪದ್ಧತಿಯು ಈಗಿಲ್ಲ. ತೋಳಿಗೆ ಕೆಲವೇ ಸಲ ಹಾಕುವರು. ಆದುದರಿಂದ ಯಾರೂ ಅಂಜಬೇಕಾದುದಿಲ್ಲ.

ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಳಗಿನ ನಿಯಮಗಳನ್ನು ತಾವು ಪಾಲಿಸಿ ಇತರರಿಗೂ ತಿಳಿಸತಕ್ಕದ್ದು:

1. ಜೊಲ್ಲು ಸುರಿಸಿ ನುಂಗಲಾರದ ದನದ ಬಾಯಿಗೆ ಬರಿಗೈಯನ್ನು ಹಾಕಕೂಡದು. ಅದನ್ನು ಬೇರೆ ಕಟ್ಟಿಸಿ ಪಶುವೈದ್ಯರನ್ನು ಕರೆಸಬೇಕು.

2. ಜೊಲ್ಲು ತಗುಲಿದ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷಗಳ ಕಾಲ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

3. ಅಂತಹ ಹಸುವಿನ ಹಾಲನ್ನು ಉಪಯೋಗಿಸಕೂಡದು.

4. ನಾಯಿ ಕಚ್ಚಿದ ದನವನ್ನು ಆ ದಿನವೇ ಪಶುವೈದ್ಯರಿಗೆ ತೋರಿಸಿ ಲಸಿಕೆ ಹಾಕಿಸಬೇಕು.

ಕೊಟ್ಟಿಗೆಯನ್ನು ಆಳುಗಳಿಗೇ ಬಿಡದೆ, ಯಜಮಾನರು ಬೆಳಿಗ್ಗೆ ಸಂಜೆ ಐದು ನಿಮಿಷ ನಿಂತು ದನಗಳನ್ನು ನೋಡುವುದು ಲೇಸು. ಸಹಜವಾದ ನಡತೆಯನ್ನು ಬಲ್ಲವರಿಗೇ ವ್ಯತ್ಯಾಸವು ಕಾಣುವುದು.