‘ನಿರೂಪಕ’ ಅಂದ್ರೆ ಯಾರು? ಈ ಪದ ಬಂದಿದ್ದು ಎಲ್ಲಿಂದ?

ಶಾಲಾ ವಾರ್ಷಿಕೋತ್ಸವ ಇರಲಿ, ಸಂಘದ ಸಮಾರಂಭ ಇರಲಿ, ವರದಿಯ ಕೊನೆ ಸಾಲು ಒಂದೇ: ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಜಾಗ ಸಾಲದಿದ್ರೆ ನಾವು ಮೊದಲು ಕತ್ತರಿಸೋದೂ ಅದೇ ಸಾಲನ್ನ.

‘ನಿರೂಪಕ’ ಸಂಸ್ಕೃತ ಮೂಲದ ಪದ. ಅದರೊಳಗೆ ಇರೋದು ‘ರೂಪ’. ನಿರೂಪಿಸೋದು ಅಂದ್ರೆ ವಿಷಯಕ್ಕೆ ರೂಪ ಕೊಟ್ಟು ತಿಳಿಸೋದು. ಹೆಣ್ಣುಮಕ್ಕಳಾದ್ರೆ ನಿರೂಪಕಿ. ಇದೇ ಬಳಗದ ‘ನಿರೂಪ’ ಅನ್ನೋ ಪದಕ್ಕೆ ವಿಜಯನಗರ ಕಾಲದ ಶಾಸನಗಳಲ್ಲಿ ರಾಜನ ಅಪ್ಪಣೆ ಅನ್ನೋ ಅರ್ಥ ಇತ್ತು.

ಈಗ ಕೆಲವರು ಹೇಳೋ ‘ಎಂಸಿ’, ಇಂಗ್ಲಿಷಿನ ‘ಮಾಸ್ಟರ್ ಆಫ್ ಸೆರೆಮನೀಸ್’ನ ಮೊದಲಕ್ಷರಗಳು. ‘ಆ್ಯಂಕರ್’ ಅಂದ್ರೆ ಹಡಗಿನ ಲಂಗರು. ಅತಿಥಿ ತಡವಾದ್ರೂ, ಕರೆಂಟ್ ಹೋದ್ರೂ ಜನ ಎದ್ದು ಹೋಗದಂತೆ ಸಭೆಯನ್ನ ಹಿಡಿದು ನಿಲ್ಲಿಸೋರು ಇವರೇ.

ಮುಂದಿನ ಸಲ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವಾಗ ಅವರ ಹೆಸರು ಬಿಡಬೇಡಿ. ನಾವೂ ಕತ್ತರಿಸಲ್ಲ.